ಗಮ್ಮಿನ ಬಾಟಲಿ

ಎರಡು ಸಲ ಕಾಲೇಜು ಸೇರಬೇಕಾದರೆ ಜನ ಒಂದು ಸಲವಾದರೂ ಫೇಲಾಗಬೇಕು. ತನ್ನ ದೊಡ್ಡ ಮಗಳು ಪಾಸಾಗಿಯೂ ಮತ್ತೆ ಸೇರಿದಳಲ್ಲ ಎಂದು ಬಸ್ ಓಡಿಸುವ ಅಪ್ಪನಿಗೆ ತಲೆಬಿಸಿ. ಅಕ್ಕ ಎಷ್ಟು ಬಿಡಿಸಿ ಹೇಳಿದರೂ ಅಷ್ಟೇ. ಮೂರು ವರ್ಷ ಹಳೆ ಕಾಲೇಜಿನಲ್ಲಿ ಭೌತಶಾಸ್ತ್ರ, ಆಮೇಲೆ ಎರಡು ವರ್ಷ ಎಂಜಿನಿಯರಿಂಗ್ ಕಾಲೇಜು, ಕೊನೆಗೆ ಎರಡೂ ಕಡೆಯಿಂದ ಒಂದೊಂದು ಡಿಗ್ರಿ. ಮುಗಿಸಿದರೆ ಎರಡೂ ಸಿಗುತ್ತವೆ, ಮುಗಿಸದಿದ್ದರೆ ಎರಡೂ ಇಲ್ಲ. ಕೈಪಿಡಿಯಲ್ಲಿ ಮೊದಲ ಮಾತು ದಪ್ಪಕ್ಷರದಲ್ಲಿತ್ತು, ಎರಡನೆಯದನ್ನು ಇರುವೆಗಳಿಗೆಂದು ಅಚ್ಚು ಹಾಕಿಸಿದ್ದರು.

ಹೊಸ ಕಾಲೇಜಿನಲ್ಲಿ ಅವಳ ಪಾಡು ಹೇಳತೀರದು. ಮೊದಲ ಎರಡು ವರ್ಷ ಒಟ್ಟಿಗೆ ಬೆಂಚು ಸವೆಸಿದವರ ನಡುವೆ ಇವಳೊಬ್ಬಳು ಕರೆಯದೆ ಬಂದ ನೆಂಟಳು. ಹೆಸರು ಕೇಳುವ ತೊಂದರೆ ಯಾರೂ ತೆಗೆದುಕೊಳ್ಳದೆ 'ಫಿಸಿಕ್ಸ್' ಎಂದೇ ಕರೆಯುತ್ತಿದ್ದರು. ಕೊನೆಯ ವರ್ಷದ ಪ್ರಾಜೆಕ್ಟಿಗೆ ತಂಡ ಬೇಕು. ತಂಡ ಸಿಗದಿದ್ದರೆ ಪ್ರಾಜೆಕ್ಟಿಲ್ಲ, ಎರಡೂ ಡಿಗ್ರಿಗೆ ಎಳ್ಳುನೀರು. ಜಾಗವಿದ್ದದ್ದು ಮೇಸ್ತ್ರಿಯ ತಂಡದಲ್ಲಿ ಮಾತ್ರ. ಕಟ್ಟಡದ ಗುತ್ತಿಗೆದಾರನ ಮಗನೆಂದು ಅವನಿಗೆ ಆ ಹೆಸರು. ಇಟ್ಟಿಗೆ ಮುಟ್ಟಿ ನೋಡಿದವನಲ್ಲ.

"ಕಾಲೇಜುಗಳ ಸೇತುವೆ ಸ್ಪರ್ಧೆ ಇದೆ. ಗೆದ್ರೆ ಪ್ರಾಜೆಕ್ಟಿಗೆ ಸೇರಿಸ್ಕೋತೀನಿ," ಎಂದ ಮೇಸ್ತ್ರಿ.

ಐಸ್‌ಕ್ರೀಮ್ ಕಡ್ಡಿಗಳ ಸೇತುವೆ. ನಡುವೆ ಬಕೆಟ್ ತೂಗುಹಾಕಿ ಮರಳು ಸುರಿಯುತ್ತಾರೆ. ಹೆಚ್ಚು ಭಾರ ಹೊತ್ತದ್ದು ಗೆದ್ದಂತೆ. ಮೇಸ್ತ್ರಿಯ ನಕ್ಷೆ ನೋಡಿದ್ದೇ ಅಕ್ಕ, "ಮೇಲೆ ಅಡ್ಡಕಡ್ಡಿ ಇಲ್ವಲ್ಲ. ಭಾರ ಬಿದ್ರೆ ಪಕ್ಕಕ್ಕೆ ವಾಲುತ್ತೆ," ಎಂದಳು.

"ನೀನು ಗಮ್ ಹಚ್ಚು, ಫಿಸಿಕ್ಸ್."

ಹಲ್ಲು ಕಚ್ಚಿಕೊಂಡು ಹಚ್ಚಿದಳು.

ಮನೆಯಲ್ಲಿ ಬೇರೆಯೇ ರಾಮಾಯಣ. ಅದೇ ಸ್ಪರ್ಧೆಗೆ ಬರುವ ಹಳೆ ಕಾಲೇಜಿನ ತಂಡಕ್ಕೆ ಅಲ್ಲೇ ಓದುವ ತಂಗಿಯೇ ನಾಯಕಿ. ಊಟದ ಮೇಜಿನ ಆ ತುದಿಯಲ್ಲಿ ಅವಳ ಸೇತುವೆ, ಈ ತುದಿಯಲ್ಲಿ ಅಕ್ಕ ಅಂಟಿಸಲು ತಂದದ್ದು, ನಡುವೆ ಹಳೆ ಪೇಪರಿನ ಗೋಡೆ. ಅಪ್ಪ ತಟ್ಟೆ ಹಿಡಿದು ಮೆಟ್ಟಿಲ ಮೇಲೆ ಕೂತು ಉಣ್ಣುತ್ತಿದ್ದ.

"ಯಾರು ಗೆಲ್ಬೇಕಪ್ಪಾ?" ಎಂದಳು ತಂಗಿ.

"ಯಾರಾದ್ರೂ ಗೆದ್ಕೊಳ್ರಮ್ಮ, ನನಗೆ ಮೇಜು ಬಿಟ್ಟುಕೊಡಿ."

ಸ್ಪರ್ಧೆಯಲ್ಲಿ ಮೇಸ್ತ್ರಿಯ ಸೇತುವೆ ಹದಿನೆಂಟು ಕೆಜಿವರೆಗೆ ಮರ್ಯಾದೆಯಿಂದ ನಿಂತು, ಆಮೇಲೆ ಕುಡುಕನ ಹಾಗೆ ಪಕ್ಕಕ್ಕೆ ವಾಲಿ ಲಟಕ್ಕನೆ ಮುರಿಯಿತು. ಆದರೂ ಅದೇ ಮುಂದಿತ್ತು. ಉಳಿದದ್ದು ತಂಗಿಯದೊಂದೇ. ಮರಳು ಬೀಳುತ್ತಿದ್ದಂತೆ ಅದರ ಬಕೆಟ್ಟಿನ ಕೊಕ್ಕೆ ಮೆಲ್ಲಗೆ ಎಡಕ್ಕೆ ಜಾರತೊಡಗಿತು, ಆ ಕಡೆಯ ಕಡ್ಡಿಗಳು ಕಿರುಗುಟ್ಟಿದವು. ತಂಗಿಯ ಕಣ್ಣೆಲ್ಲ ಮರಳಿನ ಮೇಲೆ. ಕೊಕ್ಕೆ ಅವಳಿಗೆ ಕಾಣಲಿಲ್ಲ. ಅಕ್ಕ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು, ತಂಡವೂ ಸಿಗುತ್ತಿತ್ತು, ಡಿಗ್ರಿಗಳೂ ಸಿಗುತ್ತಿದ್ದವು.

"ಕೊಕ್ಕೆ ಜಾರ್ತಿದೆ ಕಣೇ, ನಡುವಿಗೆ ತಗೋ," ಎಂದುಬಿಟ್ಟಳು.

ತಂಗಿ ಸರಿಸಿದಳು. ಸೇತುವೆ ಇಪ್ಪತ್ತು ಕೆಜಿ ಹೊತ್ತ ಮೇಲೆ ತೀರ್ಪುಗಾರರೇ ಸಾಕೆಂದರು. ಹಳೆ ಕಾಲೇಜಿನವರು ಕುಣಿದಾಡಿದರು. ತಂಡ ಕೈತಪ್ಪಿತೆಂದು ಅಕ್ಕನಿಗೆ ಸಂಕಟವಾಯಿತು. ಒಳಗೊಳಗೇ ಹೆಮ್ಮೆಯೂ ಆಯಿತು, ಹೆಮ್ಮೆಯಾಯಿತಲ್ಲ ಎಂದು ತನ್ನ ಮೇಲೆ ಸಿಟ್ಟೂ ಬಂತು.

ಮೇಸ್ತ್ರಿ ಕೆಂಡವಾಗಿದ್ದ. "ನೀನು ಯಾವ ಕಾಲೇಜಿನೋಳು?"

"ಎರಡರದ್ದೂ."

"ಅವರಿಗೆ ಹೇಳಿದ್ದನ್ನ ನಮಗೂ ಹೇಳೋಕೇನಾಗಿತ್ತು?"

"ಹೇಳಿದ್ದೆ. ನೀನು ಗಮ್ ಹಚ್ಚು ಅಂದೆ. ಅವಳು ಕೊಕ್ಕೆ ಸರಿಸಿದ್ಲು."

ಮೇಸ್ತ್ರಿ ಮುರಿದ ಸೇತುವೆಯನ್ನು ಎತ್ತಿ ತಿರುಗಿಸಿ ನೋಡಿದ. ಅಕ್ಕ ಅಂಟಿಸಿದ ಒಂದು ಜೋಡಣೆಯೂ ಬಿಟ್ಟಿರಲಿಲ್ಲ. ಕೈಕೊಟ್ಟದ್ದು ಅವನ ನಕ್ಷೆಯೇ. ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟುಹೋದ.

ರಜೆಯ ಎರಡು ದಿನವೂ ಅಕ್ಕನಿಗೆ ಊಟ ಸೇರಲಿಲ್ಲ. ತಂಗಿ ಗೆದ್ದ ಸೇತುವೆಯನ್ನು ಮೇಜಿನ ಮೇಲೆ ಪ್ರದರ್ಶನಕ್ಕಿಟ್ಟದ್ದರಿಂದ ಅಪ್ಪನಿಗೆ ಮೆಟ್ಟಿಲೇ ಗತಿಯಾಯಿತು.

ಸೋಮವಾರ ಲ್ಯಾಬಿನಲ್ಲಿ ಮೇಸ್ತ್ರಿ ಬಂದು ಪ್ರಾಜೆಕ್ಟಿನ ನಕ್ಷೆಯನ್ನು ಅವಳ ಮುಂದೆ ಹರಡಿದ. ಮುಖ ಮಾತ್ರ ಹರಳೆಣ್ಣೆ ಕುಡಿದವನ ಹಾಗಿತ್ತು.

"ಎಲ್ಲಿ ಮುರಿಯುತ್ತೆ, ನೋಡಿ ಹೇಳು."

ಅಕ್ಕ ಚೀಲದಿಂದ ಗಮ್ಮಿನ ಬಾಟಲಿ ತೆಗೆದು ಅವನ ಕೈಗಿಟ್ಟಳು.

"ಹೇಳ್ತೀನಿ. ಇದು ಇನ್ಮೇಲೆ ನಿನ್ನ ಹತ್ರ ಇರ್ಲಿ."