ಕೆಂಪು ಪಟ್ಟಿ ಸಿಗದ ಪಾಸು

ನಾನು ಒಂದು ಪ್ಲಾಸ್ಟಿಕ್ ಪಾಸು. ಕಾರವಾರದ ಕಡೆ, ಯುದ್ಧನೌಕೆಗಳ ವಿನ್ಯಾಸ ಮಾಡುವ ಸರ್ಕಾರಿ ಕಚೇರಿಯೊಂದರ ಗೇಟಿನ ಪಕ್ಕದ ಕೋಣೆಯಲ್ಲಿ ಹುಟ್ಟಿದೆ. ಬಿಸಿ ಯಂತ್ರದಿಂದ ಹೊರಬಂದಾಗ ನನ್ನ ಮೈಮೇಲೆ ಎಂಜಿನಿಯರ್ ಗ್ರೆಟ್ಟಾ ಫುರ್ಟಾಡೊಳ ಮುಖವಿತ್ತು, ಅಂಚಿಗೆ ಹಳದಿ ಪಟ್ಟಿ. ಹಳದಿಯವರಿಗೆ ಹೊರಗಿನ ಕಟ್ಟಡ ಮಾತ್ರ. ಒಳಗಿನದಕ್ಕೆ ಕೆಂಪು ಪಟ್ಟಿ ಬೇಕು.

ನೌಕೆಯ ಪ್ರೊಪೆಲರ್ ನೀರೊಳಗೆ ಸದ್ದಿಲ್ಲದೆ ತಿರುಗಬೇಕು, ಅದೇ ಗ್ರೆಟ್ಟಾಳ ಹುಚ್ಚು. ಅವಳು ಬರೆದ ವಿನ್ಯಾಸವನ್ನು ಪರೀಕ್ಷಿಸುವ ನೀರಿನ ತೊಟ್ಟಿ ಒಳಗಿನ ಕಟ್ಟಡದಲ್ಲಿತ್ತು. ಅದನ್ನು ಅವಳು ಒಮ್ಮೆಯೂ ನೋಡಿರಲಿಲ್ಲ.

ಕೆಂಪು ಪಟ್ಟಿ ಕೇಳಿದಾಗ ಭದ್ರತಾ ಅಧಿಕಾರಿ ಸಾರಂಗಮಠರು ಕರೆದರು. ನಾನು ಅವಳ ಎದೆಯ ಮೇಲಿದ್ದೆ.

“ಅಕ್ಕ ಹೊರದೇಶದಲ್ಲಿ. ಅಲ್ಲಿಯ ಪೌರತ್ವ ಬೇರೆ ತಗೊಂಡಿದ್ದಾರೆ. ಎಷ್ಟು ಸಲ ಮಾತಾಡ್ತೀರಿ?”

“ದಿನಾ, ಸರ್. ಇರ್ಮಕ್ಕನೇ ನನ್ನ ಬೆಳೆಸಿದ್ದು.”

“ಭಾವ ಅಲ್ಲಿನ ನೌಕಾಪಡೆಯಲ್ಲಿ.”

“ಅಡುಗೆಯವರು, ಸರ್. ಹಡಗಿನಲ್ಲಿ ಬ್ರೆಡ್ ಮಾಡ್ತಾರೆ.”

“ಬ್ರೆಡ್ ಮಾಡೋನಿಗೂ ಕಿವಿ ಇರ್ತಾವಲ್ರೀ?” ಅವರು ನಕ್ಕರು. “ಇಷ್ಟು ಬಳಕೆ ಇಟ್ಕೊಂಡ್ರೆ ಕಷ್ಟ. ಯೋಚನೆ ಮಾಡಿ.”

ಗ್ರೆಟ್ಟಾ ಯೋಚನೆ ಮಾಡಿದಳು. ಅಂದು ಸಂಜೆಯೇ ಅಕ್ಕನ ಫೋನ್ ಎತ್ತಲಿಲ್ಲ. ಮರುದಿನವೂ ಎತ್ತಲಿಲ್ಲ. ಆಮೇಲೆ ನಂಬರನ್ನೇ ಬ್ಲಾಕ್ ಮಾಡಿದಳು. ಕಾರಣ ಹೇಳಲೂ ಹೆದರಿಕೆ. ಹೇಳಿದರೆ ಅದೂ ಮಾತಾಡಿದಂತೆಯೇ ಅಲ್ಲವೇ?

ಆ ಮಳೆಗಾಲದಲ್ಲಿ ತಾಯಿ ತೀರಿಕೊಂಡಳು. ಊರಿನ ಯಾರೋ ಸುದ್ದಿ ಮುಟ್ಟಿಸಿದರು; ಇರ್ಮಾ ವಿಮಾನ ಹತ್ತಿ ಬಂದಳು. “ಅವಳು ಲಾಡ್ಜಿನಲ್ಲಿ ಇರಲಿ, ಮನೆಗೆ ಬೇಡ,” ಎಂದು ಗ್ರೆಟ್ಟಾ ಪಕ್ಕದ ಮನೆಯವರ ಬಾಯಲ್ಲಿ ಹೇಳಿಸಿದಳು. ಚರ್ಚಿನ ಸಿಮಿತ್ರಿಯಲ್ಲಿ, ಮಣ್ಣು ಹಾಕಿ ಮುಗಿದ ಮೇಲೆ, ಇರ್ಮಾ ಹತ್ತಿರ ಬಂದು ತಂಗಿಯ ಭುಜ ಮುಟ್ಟಿದಳು. ನಾನು ಕೈಚೀಲದಲ್ಲಿದ್ದೆ.

“ಒಂದೇ ಒಂದು ಹೇಳು. ಅಮ್ಮ ಕೊನೆಗೆ ನನ್ನ ಕೇಳಿದ್ಲಾ?”

ಕೇಳಿದ್ದಳು. ಆಸ್ಪತ್ರೆಯಲ್ಲಿ ನಾನೂ ಕೇಳಿಸಿಕೊಂಡಿದ್ದೆ; ಇರ್ಮಾ ಎಂಬ ಆ ಒಂದು ಹೆಸರು ಬಿಟ್ಟು ಬೇರೇನೂ ತಾಯಿಯ ಬಾಯಲ್ಲಿ ಉಳಿದಿರಲಿಲ್ಲ. ಗ್ರೆಟ್ಟಾ ಸುತ್ತ ನೋಡಿದಳು. ಕಚೇರಿಯವರು ನಾಲ್ಕಾರು ಮಂದಿ ನಿಂತಿದ್ದರು. ಅಕ್ಕನ ಕೈ ಸರಿಸಿ ನಡೆದುಬಿಟ್ಟಳು.

ಸಾರಂಗಮಠರು ಮತ್ತೆ ಕರೆದಾಗ ಅವಳ ಎದೆ ಬಡಿತಕ್ಕೆ ನಾನು ಕುಣಿಯುತ್ತಿದ್ದೆ.

“ಕೆಂಪು ಪಟ್ಟಿ ಆಗಲ್ಲ, ಮೇಡಂ. ದಿನಾ ಮಾತಾಡೋರು ಇದ್ದಕ್ಕಿದ್ದ ಹಾಗೆ ಬಿಟ್ಟಿರಿ. ತಾಯಿ ಮಣ್ಣಿನಲ್ಲೂ ಅಕ್ಕನಿಗೆ ಮುಖ ತಿರುಗಿಸಿದಿರಿ. ಏನೋ ಮುಚ್ಚಿಡೋರು ಹಂಗ ಮಾಡ್ತಾರೆ.”

“ನೀವೇ ಹೇಳಿದ್ದಲ್ವಾ, ಸರ್?”

“ಯೋಚನೆ ಮಾಡಿ ಅಂದೆ. ಬಿಡಿ ಅಂದ್ನಾ? ಮತ್ತೆ, ಬಿಟ್ರೆ ಅಕ್ಕ ಅಕ್ಕ ಆಗೋದು ತಪ್ಪತದೇನು?”

ಗೇಟಿನ ಹೊರಗೆ ಬಸ್ಸಿಗೆ ಕಾಯುತ್ತ ಅವಳು ಫೋನ್ ಮಾಡಿದಳು. “ಅಕ್ಕಾ, ಅಮ್ಮ ನಿನ್ನ ಕೇಳಿದ್ಲು. ನಿನ್ನನ್ನೇ ಕೇಳಿದ್ಲು. ಕೆಲಸಕ್ಕೆ ಹೆದರಿ ಅವತ್ತು ಹೇಳಲಿಲ್ಲ.”

ಆ ಕಡೆಯಿಂದ ಇರ್ಮಾಳ ದನಿ: “ಈಗ ಹೇಳಿದ್ಯಲ್ಲ. ಇಡ್ತೇನೆ, ಗ್ರೆಟ್ಟಾ. ನಿನ್ನ ಕೆಲಸಕ್ಕೆ ತೊಂದ್ರೆ ಆದೀತು.”

ಗ್ರೆಟ್ಟಾಳನ್ನು ಬೇರೆ ಊರಿನ ಕುರ್ಚಿ-ಮೇಜುಗಳ ಉಗ್ರಾಣಕ್ಕೆ ಹಾಕಿದರು. ಕಾವಲಿನವನು ನನ್ನನ್ನು ಅವಳ ಕೊರಳಿಂದ ಬಿಚ್ಚಿಸಿಕೊಂಡು, ಮೂಲೆ ಕತ್ತರಿಸಿ, ಭದ್ರತಾ ಕೋಣೆಯ ಗೋಡೆಗೆ ಒತ್ತಿದ ಕಪಾಟಿನ ಡಬ್ಬಿಗೆ ಎಸೆದ.

ಈಗ ಇಲ್ಲೇ ಬಿದ್ದಿದ್ದೇನೆ. ಗ್ರೆಟ್ಟಾ ತಪ್ಪು ಮಾಡಿದಳೇ ಎಂದು ನನ್ನನ್ನು ಕೇಳಿದರೆ ಹೌದು ಎನ್ನುತ್ತೇನೆ. ಆ ತಪ್ಪಿನ ದಾರಿ ತೋರಿಸಿದ ಸಾರಂಗಮಠರು ಗೋಡೆಯಾಚೆ ಅದೇ ಕುರ್ಚಿಯಲ್ಲಿದ್ದಾರೆ. ಇವತ್ತು ಬೆಳಿಗ್ಗೆ ಹೊಸಬನೊಬ್ಬ ಬಂದಿದ್ದ.

“ಮನೆಯಲ್ಲಿ ಯಾರ್ಯಾರಿದ್ದಾರೆ?”

“ಒಬ್ಬ ತಮ್ಮ ಇದಾನೆ, ಸರ್. ಹೊರದೇಶದಲ್ಲಿ,” ಎಂದ ಅವನು. ದನಿಯಲ್ಲಿ ಹೆಮ್ಮೆಯಿತ್ತು.