ಸೊಂಟಕ್ಕೆ ಎರಡು ತಟ್ಟು

ಹೆಂಡತಿಯರನ್ನು ತೂಗುವ ತಕ್ಕಡಿ ಆಲೂಗಡ್ಡೆ ಮೂಟೆಯದ್ದು. ವರ್ಷವಿಡೀ ಗೋದಾಮಿನಲ್ಲಿ ಮಣ್ಣು ತಿನ್ನುವ ಅದನ್ನು ಜುಲೈ ತಿಂಗಳ ಕೊನೆಯ ಶನಿವಾರ ತೊಳೆದು, ಹಿಡಿಗೆ ನೀಲಿ ರಿಬ್ಬನ್ ಕಟ್ಟಿ, ಕೆರೆಯ ದಡಕ್ಕೆ ತಂದಿಡುತ್ತಾರೆ. ಹೆಂಡತಿಯನ್ನು ಹೊತ್ತು ಓಡುವ ಪಂದ್ಯದಲ್ಲಿ ಗೆದ್ದವನಿಗೆ ಒಂದು ಬೆಳ್ಳಿ ಕಪ್ಪು, ಜೊತೆಗೆ ಅವಳ ತೂಕದಷ್ಟು ಬಿಯರ್. ಹಾಗಾಗಿ ಆ ಒಂದು ದಿನ ಮಾತ್ರ ವೋರು ಸೀಮೆಯ ಗಂಡಸರಿಗೆ ದಪ್ಪ ಹೆಂಡತಿಯರ ಮೇಲೆ ಎಲ್ಲಿಲ್ಲದ ಗೌರವ ಬರುತ್ತದೆ.

ಮೇರಿಕೆ ತಕ್ಕಡಿ ಹತ್ತಿದಳು. ಮುಳ್ಳು ಅಲುಗಾಡಿ ನಿಂತಿತು.

"ಅರವತ್ತೊಂದು!" ಮುದುಕ ಹೆಲ್ದುರ್ ಮೈಕಿನಲ್ಲಿ ಕೂಗಿದ. ಊರಿನ ಯಾವ ಸಮಾರಂಭವೇ ಇರಲಿ, ಮೈಕು ಅವನದೇ. "ಹೋದ ವರ್ಷಕ್ಕಿಂತ ನಾಲ್ಕು ಕಿಲೋ ಕಮ್ಮಿ! ಏನಮ್ಮಾ ಮೇರಿಕೆ, ಗಂಡ ಊಟ ಹಾಕ್ತಿಲ್ವಾ? ನಾಲ್ಕು ಕಿಲೋ ಅಂದ್ರೆ ಎಂಟು ಬಾಟ್ಲಿ ಖೋತಾ ಆಯ್ತಲ್ಲೋ ತಾರ್ಮೋ!"

ಹುಲ್ಲಿನ ಮೇಲೆ ಕಂಬಳಿ ಹಾಸಿ ಕೂತಿದ್ದ ಸಂಸಾರಗಳೆಲ್ಲ ನಕ್ಕವು. ಅವಳ ಗಂಡ ತಾರ್ಮೋ ಕೂಡ ನಕ್ಕ. ಮೇರಿಕೆಯೂ ಹಲ್ಲು ಬಿಟ್ಟಳು. ಆ ನಾಲ್ಕು ಕಿಲೋ ಎಲ್ಲಿ ಹೋಯಿತೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಒಂದು ವರ್ಷ ಸಿಟ್ಟನ್ನು ನುಂಗುತ್ತಾ ಕೂತರೆ ಅನ್ನಕ್ಕೆ ಜಾಗ ಉಳಿಯುವುದಿಲ್ಲ.

ಕಾರು ಬರ್ಚ್ ಮರಗಳ ಕೆಳಗೆ ನಿಂತಿತ್ತು. ಅದರ ಡಿಕ್ಕಿಯಲ್ಲಿ ಆಲೂಗಡ್ಡೆ ಸಲಾಡಿನ ಬಕೆಟ್ಟು, ಹೊಗೆಯಲ್ಲಿ ಬೇಯಿಸಿದ ಮೀನು, ಎರಡು ಮಡಚುವ ಕುರ್ಚಿ. ಇವೆಲ್ಲದರ ಅಡಿಯಲ್ಲಿ ಒಂದು ಕಂದು ಚೀಲ. ಚೀಲದಲ್ಲಿ ಮೇರಿಕೆಯ ಬಟ್ಟೆ, ಕಾಗದಪತ್ರ, ಚಳಿಗಾಲದ ಕೋಟು. ತಾರ್ತು ಪಟ್ಟಣದಲ್ಲಿರುವ ತಂಗಿಗೆ ಹೇಳಿಯಾಗಿತ್ತು. ಸಂಜೆ ಐದಕ್ಕೆ ಹೊರಟರೆ ಏಳರೊಳಗೆ ತಲುಪಬಹುದು. ಶಾಲೆ ಶುರುವಾಗುವ ಮೊದಲು ಹದಿಮೂರು ವರ್ಷದ ಮಗಳು ಪಿಲ್ಲೆಯನ್ನೂ ಕರೆಸಿಕೊಳ್ಳಬಹುದು. ಹೊರಡುವುದೋ ಬಿಡುವುದೋ ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿರಲಿಲ್ಲ. ಅದನ್ನು ಇವತ್ತಿನ ಓಟಕ್ಕೆ ಬಿಟ್ಟಿದ್ದಳು.

ಅವರ ಕಡೆ ಹೆಂಡತಿಯನ್ನು ಹೊರುವ ರೀತಿ ಹೀಗೆ: ಅವಳು ಗಂಡನ ಬೆನ್ನ ಮೇಲೆ ತಲೆಕೆಳಗಾಗಿ ನೇತಾಡಬೇಕು. ಕಾಲುಗಳು ಅವನ ಕುತ್ತಿಗೆಯ ಎರಡೂ ಕಡೆಯಿಂದ ಮುಂದಕ್ಕೆ, ಕೈಗಳು ಅವನ ಸೊಂಟದ ಸುತ್ತ. ಅವನ ಕೈ ಖಾಲಿ ಇರುತ್ತದೆ, ಓಟಕ್ಕೆ ಅನುಕೂಲ. ನೋಡುವವರಿಗೂ ತಮಾಷೆ. ನೇತಾಡುವವಳಿಗೆ ಕಾಣುವುದು ಗಂಡನ ಹಿಮ್ಮಡಿ ಮಾತ್ರ. ಮರಳು, ಎರಡು ಅಡ್ಡ ದಿಮ್ಮಿ, ಆಮೇಲೆ ಕೆರೆಯಂಚಿನಲ್ಲಿ ಹಗ್ಗ ಕಟ್ಟಿ ಗುರುತು ಹಾಕಿದ ಇಪ್ಪತ್ತು ಹೆಜ್ಜೆ ನೀರು. ನೀರು ಗಂಡಸಿನ ಸೊಂಟದ ಮಟ್ಟ. ಅಂದರೆ ಹೆಂಡತಿಯ ತಲೆ ಪೂರ್ತಿ ಒಳಗೆ.

ಹೋದ ವರ್ಷ ಪಂದ್ಯಕ್ಕೆ ಮೊದಲು ಮನೆಯ ಹಬೆಸ್ನಾನದ ಕೋಣೆ, ಸೌನಾದ ಹಿಂದಿನ ಹುಲ್ಲಿನಲ್ಲಿ ಅಭ್ಯಾಸ ಮಾಡುವಾಗ ಒಂದು ಮಾತಾಗಿತ್ತು. ಸೊಂಟಕ್ಕೆ ಎರಡು ಸಲ ತಟ್ಟಿದರೆ 'ಇಳಿಸು' ಎಂದರ್ಥ. ಬೇರೆ ಅರ್ಥವೇ ಇಲ್ಲ. ನೀರಿನಲ್ಲಿ ಏಳನೆಯ ಹೆಜ್ಜೆಗೆ ಅವಳ ಉಸಿರು ಮುಗಿಯಿತು. ಎರಡು ಸಲ ತಟ್ಟಿದಳು. ಮತ್ತೆರಡು ಸಲ. ಆಮೇಲೆ ಎರಡೂ ಕೈಯಲ್ಲಿ ಬಡಿದಳು. ಅವನು ಹದಿಮೂರು ಹೆಜ್ಜೆ ಓಡಿ, ದಡ ಹತ್ತಿ, ಗೆದ್ದ. ಅವಳು ಹುಲ್ಲಿನ ಮೇಲೆ ಮಂಡಿಯೂರಿ ಕೆರೆಯ ನೀರು ಕಾರಿಕೊಂಡಳು. ಜಿಲ್ಲಾ ಪತ್ರಿಕೆಯ ಚಿತ್ರದಲ್ಲಿ ತಾರ್ಮೋ ಕಪ್ಪು ಎತ್ತಿ ಹಿಡಿದಿದ್ದಾನೆ. ಅಂಚಿನಲ್ಲಿ ಅವಳ ಬೆನ್ನು ಅರ್ಧ ಕಾಣುತ್ತದೆ.

ಅದನ್ನಾದರೂ ಮರೆಯಬಹುದಿತ್ತೋ ಏನೋ. ಆದರೆ ಅವನು ಅದನ್ನೊಂದು ಕಥೆ ಮಾಡಿಕೊಂಡ. ಕ್ರಿಸ್‌ಮಸ್ ಊಟದಲ್ಲಿ, ಅತ್ತೆಯ ಹುಟ್ಟುಹಬ್ಬದಲ್ಲಿ, ಸೌನಾದ ಬೆಂಚಿನ ಮೇಲೆ, ಉಪ್ಪು ಖಾರ ಹಚ್ಚಿ ಹೇಳಿದ. "ಡೋಲು ಬಾರಿಸ್ದಂಗೆ ಬಾರಿಸ್ತಿದ್ಲು ಕಣ್ರೋ! ನಾನು, ಇನ್ನೂ ಜೋರಾಗ್ ಓಡು ಅಂತಿದ್ದಾಳೆ ಅಂದ್ಕೊಂಡೆ!" ಪ್ರತಿ ಸಲವೂ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಪ್ರತಿ ಸಲವೂ ಮೇರಿಕೆ ಎದ್ದು ಹೋಗಿ ಕಾಫಿ ತಂದಳು.

ನಿಜವಾಗಿ ಅವನಿಗೆ ತಿಳಿಯಲಿಲ್ಲವೇ? ಕಪ್ಪಿನ ಆಸೆಗೆ ಕಿವುಡನಾದನೇ? ವರ್ಷವಿಡೀ ಅವಳು ಇದನ್ನೇ ಅಗಿದಳು. ಕೊನೆಗೆ ನಿರ್ಧರಿಸಿದಳು. ಈ ಸಲವೂ ಏಳನೆಯ ಹೆಜ್ಜೆಗೆ ತಟ್ಟುತ್ತೇನೆ, ಉಸಿರಿರಲಿ ಬಿಡಲಿ. ಇಳಿಸಿದರೆ ಚೀಲ ಮನೆಗೆ ವಾಪಸು. ಇಳಿಸದಿದ್ದರೆ ತಾರ್ತು.

"ಅಮ್ಮಾ, ಟವೆಲ್ ಎಲ್ಲಿ?" ಪಿಲ್ಲೆ ಓಡಿ ಬಂದಳು. "ಕೀ ಕೊಡು, ಡಿಕ್ಕಿಯಿಂದ ತರ್ತೀನಿ."

ಮೇರಿಕೆ ಕೀಲಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು. "ಬೇಡ ಬೇಡ, ನಾನೇ ಆಮೇಲೆ..."

"ನಡುಗ್ತಾ ನಿಂತ್ಕೋತೀಯಾ? ಕೊಡಮ್ಮಾ." ಕೈಯಿಂದ ಕೀಲಿ ಕಿತ್ತುಕೊಂಡು ಹುಡುಗಿ ಓಡಿಯೇಬಿಟ್ಟಳು. ಅಷ್ಟರಲ್ಲಿ ಹೆಲ್ದುರ್ ಜೋಡಿಗಳನ್ನು ಗೆರೆಗೆ ಕರೆದ.

"ಯಾಕೆ, ಮುಖ ಬಿಳುಚಿಕೊಂಡಿದೆ?" ತಾರ್ಮೋ ಕೇಳಿದ. ಅವನ ಮುಖವೇನೂ ಅರಳಿರಲಿಲ್ಲ.

"ಬಿಸಿಲು. ಬಗ್ಗು, ಹತ್ತಿಸ್ಕೋ."

"ಮೇರಿ, ಬೇಡ ಅನ್ಸಿದ್ರೆ..."

"ಊರೆಲ್ಲಾ ನೋಡ್ತಿದೆ. ಬಗ್ಗು ಅಂದ್ನಲ್ಲ."

ಲೋಕ ತಲೆಕೆಳಗಾಯಿತು. ಸೀಟಿ ಊದಿದರು. ಅವನ ಹಿಮ್ಮಡಿ ಮರಳು ಎರಚುತ್ತಾ ಓಡತೊಡಗಿತು. ಮೊದಲ ದಿಮ್ಮಿಗೆ ಅವಳ ಹಲ್ಲು ಕಟಕಟ ಎಂದವು, ಎರಡನೆಯದಕ್ಕೆ ನಾಲಿಗೆ ಕಚ್ಚಿಕೊಂಡಳು. ಮೈಕಿನಲ್ಲಿ ಹೆಲ್ದುರ್ ಅರಚುತ್ತಿದ್ದ: "ತಾರ್ಮೋ ಮುಂದೆ! ಪಕ್ಕದ ಹಳ್ಳಿ ಹಿಂದೆ! ಬಾರಿಸು ಮೇರಿಕೆ, ಡೋಲು ಬಾರಿಸು!" ಜನರೆಲ್ಲ ಚಪ್ಪಾಳೆಯಲ್ಲಿ ಡೋಲಿನ ತಾಳ ಹಾಕಿದರು. ಅವನ ಕಥೆ ಅಷ್ಟರಮಟ್ಟಿಗೆ ಊರಿನದಾಗಿಬಿಟ್ಟಿತ್ತು. ಮೇರಿಕೆಗೆ ಅಳು ಬಂತು, ತಲೆಕೆಳಗಾಗಿ ಅತ್ತರೆ ಕಣ್ಣೀರು ಹಣೆಗೆ ಇಳಿಯುತ್ತದೆಂದು ಆಗ ತಿಳಿಯಿತು.

ನೀರು. ಎದೆ ತುಂಬ ಉಸಿರೆಳೆದಳು. ತಣ್ಣನೆಯದು ಮೊದಲು ನೆತ್ತಿಗೆ, ಆಮೇಲೆ ಕಣ್ಣಿಗೆ, ಗಲ್ಲಕ್ಕೆ. ಸದ್ದೆಲ್ಲ ಮುಳುಗಿ ಹೋಯಿತು. ಉಳಿದದ್ದು ಅವನ ಹೆಜ್ಜೆಯ ಅದುರು. ಒಂದು. ಎರಡು. ಮೂರು. ನಾಲ್ಕು. ಐದು. ಆರು.

ಏಳು.

ಕೈ ಏಳಲಿಲ್ಲ.

ಉಸಿರಿತ್ತು, ಬೇಕಾದಷ್ಟಿತ್ತು. ಅದಲ್ಲ ಕಾರಣ. ತಟ್ಟಿದ ಮೇಲೆ ಉತ್ತರ ಬಂದೇ ಬರುತ್ತದೆ, ಅದನ್ನು ವಾಪಸು ಕಳಿಸುವ ಹಾಗಿಲ್ಲ. ತಟ್ಟದೇ ಹೋದರೆ ದಡ ಸೇರುತ್ತಾರೆ, ಬಿಯರ್ ಗೆಲ್ಲುತ್ತಾರೆ, ಸಲಾಡ್ ತಿನ್ನುತ್ತಾರೆ, ಇನ್ನೊಂದು ವರ್ಷ ಕಾಫಿ ತರುತ್ತಾಳೆ. ಹದಿನಾರು ವರ್ಷ ಜೊತೆಗಿದ್ದ ಮನುಷ್ಯ ಎಂಥವನು ಎಂದು ತಿಳಿಯದೇ ಇರುವುದೂ ಒಂದು ಥರದ ನೆಮ್ಮದಿ. ಎಂಟು. ಒಂಬತ್ತು. ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಹತ್ತು.

ತಟ್ಟಿದಳು. ಒಂದು, ಎರಡು.

ಹಿಮ್ಮಡಿ ನಿಂತಿತು. ಎರಡನೆಯ ತಟ್ಟಿಗೆ ಕಾದೇ ಇದ್ದಂತೆ, ಇದ್ದ ಜಾಗದಲ್ಲೇ ನಿಂತಿತು. ಅವನ ಕೈ ಅವಳ ಕಾಲನ್ನು ಬಿಡಿಸಿತು, ಕಂಕುಳಿಗೆ ಬಂದು ಮೇಲೆತ್ತಿತು. ಅವಳು ಸೊಂಟದ ಮಟ್ಟದ ನೀರಿನಲ್ಲಿ ನೆಟ್ಟಗೆ ನಿಂತಿದ್ದಳು, ಕೂದಲು ಮುಖಕ್ಕೆ ಅಂಟಿಕೊಂಡು. ಪಕ್ಕದ ಹಳ್ಳಿಯವರು ನೀರು ಚಿಮ್ಮಿಸುತ್ತಾ ದಾಟಿಹೋದರು.

"ಉಸಿರು? ಉಸಿರಾಡು! ಏನಾಯ್ತು?"

"ಏನೂ ಆಗಿಲ್ಲ," ಎಂದಳು. "ನಿಲ್ಲಿಸ್ತೀಯೋ ಇಲ್ವೋ ನೋಡೋಣ ಅಂತ ತಟ್ಟಿದೆ."

 ದಡದಲ್ಲಿ ಶಿಳ್ಳೆ, ಕೇಕೆ. ಹೆಲ್ದುರ್ ಮಡಚಿದ ಪ್ಯಾಂಟೂ ಒದ್ದೆಯಾಗುವಂತೆ, ಮೈಕಿನ ಸಮೇತ ಸೊಂಟದವರೆಗೆ ನೀರಿಗಿಳಿದು ಅವರ ಬಳಿ ಬಂದ.

"ಏನ್ ಕಥೆಯಯ್ಯಾ ಇದು? ಗೆಲ್ಲೋ ಕುದುರೆ ನಡುನೀರಲ್ಲಿ ನಿಂತ್ಬಿಡ್ತಲ್ಲ! ಜನ ಕಾರಣ ಕೇಳ್ತಿದ್ದಾರೆ, ಹೇಳು." ಮೈಕನ್ನು ತಾರ್ಮೋನ ಮೂತಿಗೆ ಹಿಡಿದ.

"ತಟ್ಟಿದ್ಲು. ಇಳಿಸ್ದೆ."

"ಹೋದ ವರ್ಷಾನೂ ತಟ್ಟಿದ್ಲಲ್ಲಪ್ಪ! ಆವಾಗ ಡೋಲು ಅಂದ್ಕೊಂಡ್ಯಲ್ಲ! ಹೇಳು ಹೇಳು, ಆ ಕಥೆ ಇನ್ನೊಂದ್ಸಲ ಹೇಳು, ಎಲ್ರೂ ನಗ್ಲಿ."

ಜನ ಆಗಲೇ ನಗಲು ಶುರು ಮಾಡಿದ್ದರು. ಮೇರಿಕೆ ದಡದ ಕಡೆ ತಿರುಗಿದಳು. ನಿಲ್ಲಿಸಿದನಲ್ಲ, ಅಷ್ಟು ಸಾಕು, ಆ ಕಥೆಯನ್ನು ಮಾತ್ರ ಇನ್ನೊಮ್ಮೆ ಕೇಳಲಾರೆ ಎನ್ನಿಸಿತು.

"ಆವಾಗ್ಲೂ ಗೊತ್ತಾಗಿತ್ತು," ಎಂದ ತಾರ್ಮೋ.

ಅವಳ ಕಾಲು ನಿಂತಿತು.

"ಏನಂದೆ?" ಹೆಲ್ದುರ್ ಕೇಳಿದ.

"ಹೋದ ವರ್ಷ. ಅವಳು ಇಳಿಸು ಅಂತಿದ್ದಾಳೆ ಅಂತ ನಂಗೆ ಗೊತ್ತಾಗಿತ್ತು, ಹೆಲ್ದುರ್ ಮಾವ." ಅವನು ಮೈಕಿಗಲ್ಲ, ನೀರಿಗೆ ಹೇಳುತ್ತಿದ್ದ. "ಡೋಲು ಗೀಲು ಏನೂ ಅಂದ್ಕೊಳ್ಲಿಲ್ಲ. ಇನ್ನು ಹದಿಮೂರು ಹೆಜ್ಜೆ ತಾನೇ, ತಡ್ಕೋತಾಳೆ ಅಂತ ಓಡ್ದೆ."

ನಗು ಮುಂದಿನ ಸಾಲಿನಲ್ಲಿ ಮೊದಲು ಸತ್ತಿತು. ಹೆಲ್ದುರ್ ಎಪ್ಪತ್ತು ವರ್ಷದಲ್ಲಿ ಮೊದಲ ಬಾರಿಗೆ ಮಾತಿಗಾಗಿ ತಡಕಾಡಿದ. "ಸರಿ ಸರಿ, ಈಗ... ಈಗ ಸ್ವಲ್ಪ ಸಂಗೀತ ಕೇಳೋಣ..."

ಮೇರಿಕೆಗೆ ಮೈಯೆಲ್ಲ ಉರಿಯುತ್ತಿತ್ತು, ಅಷ್ಟು ತಣ್ಣನೆಯ ನೀರಿನಲ್ಲೂ. ಅವಳು ಎರಡೇ ಉತ್ತರಗಳಿಗೆ ಚೀಲ ಕಟ್ಟಿದ್ದಳು. ಇದು ಮೂರನೆಯದು. ನಿಲ್ಲಿಸಿದ, ನಿಜ. ಆದರೆ ಗೊತ್ತಿದ್ದೂ ಓಡಿದ್ದ. ಅವಳ ಪ್ರಾಣ ಹೋಗುತ್ತಿದ್ದಾಗ ಲೆಕ್ಕ ಹಾಕಿದ್ದ. ಕೆನ್ನೆಗೆ ಬಾರಿಸಬೇಕೆನ್ನಿಸಿತು. ಹಾಗೆಯೇ, ತನಗೇ ನಾಚಿಕೆಯಾಗುವಷ್ಟು ಹಗುರವೂ ಎನ್ನಿಸಿತು. ವರ್ಷವಿಡೀ ತನ್ನ ತಲೆಯೇ ಕೆಟ್ಟಿದೆಯೇನೋ ಎಂದುಕೊಂಡಿದ್ದಳು, ಕೆಟ್ಟಿರಲಿಲ್ಲ.

ಹಿಂದೆ ಐಸ್‌ಕ್ರೀಮ್ ಗಾಡಿಯ ಹತ್ತಿರ ಯಾರೋ ಕೂಗಿದರು: "ಏನಂದ? ಕೇಳಿಸ್ಲಿಲ್ಲ!"

ಅವಳು ಹೆಲ್ದುರ್‌ನ ಕೈಯಿಂದ ಮೈಕು ತೆಗೆದುಕೊಂಡಳು. "ಹಿಂದಿನವ್ರಿಗೆ ಕೇಳಿಸ್ಲಿಲ್ಲವಂತೆ. ಇನ್ನೊಂದ್ಸಲ ಹೇಳು." ಅದನ್ನು ಗಂಡನ ಮುಂದೆ ಹಿಡಿದಳು.  "ಆ ಕಥೆ ನೂರು ಸಲ ಹೇಳಿದೀಯ. ಇದನ್ನೂ ಜೋರಾಗೇ ಹೇಳು."

ತಾರ್ಮೋ ತಲೆಯೆತ್ತಿದ. ಅವನ ಅಮ್ಮ ಮುಂದಿನ ಸಾಲಿನಲ್ಲಿ ಕೂತಿದ್ದಳು, ಗೆಳೆಯರೆಲ್ಲ ಇದ್ದರು. ಹೇಳಿದ. ಮೊದಲಿನಿಂದ, ಒಂದೊಂದೇ ಮಾತು. "ಕಥೆ ಹೇಳಿ ಹೇಳಿ ನಂಗೇ ನಂಬಿಕೆ ಬರ್ಲಿ ಅಂತ ನೋಡ್ದೆ," ಎಂದ ಕೊನೆಗೆ. "ಬರ್ಲಿಲ್ಲ." ಈ ಸಲ ಐಸ್‌ಕ್ರೀಮ್ ಗಾಡಿಯವರೆಗೂ ಕೇಳಿಸಿತು. ಎಲ್ಲೋ ಒಂದು ಮಗು ಬಲೂನಿಗಾಗಿ ಅಳುತ್ತಿತ್ತು.

ಇಬ್ಬರೂ ದಡ ಹತ್ತಿದಾಗ ಅಲ್ಲಿ ಪಿಲ್ಲೆ ನಿಂತಿದ್ದಳು. ಕಂಕುಳಲ್ಲಿ ಟವೆಲ್ ಇರಲಿಲ್ಲ, ಕೈಯಲ್ಲಿ ಕಂದು ಚೀಲವಿತ್ತು. ಚೀಲದ ಬಾಯಿಯಿಂದ ಚಳಿಗಾಲದ ಕೋಟಿನ ತೋಳು ಹೊರಗೆ ನೇತಾಡುತ್ತಿತ್ತು.

"ಟವೆಲ್ ಸಿಗ್ಲಿಲ್ಲ," ಎಂದಳು ಹುಡುಗಿ.  "ಇದರಲ್ಲಿ ಒಣಬಟ್ಟೆ ಇತ್ತು, ಅದಕ್ಕೇ ತಂದೆ."

ತಾರ್ಮೋ ಕೋಟನ್ನು ನೋಡಿದ. ಜುಲೈ ತಿಂಗಳಿನಲ್ಲಿ ಯಾರೂ ಪಿಕ್ನಿಕ್ಕಿಗೆ ಉಣ್ಣೆಯ ಕೋಟು ತರುವುದಿಲ್ಲ. ಅವನು ಪೆದ್ದನಲ್ಲ. ಅದನ್ನು ಹೊರಗೆಳೆದು, ಕೊಡವಿ, ಹೆಂಡತಿಯ ಒದ್ದೆ ಹೆಗಲಿಗೆ ಹೊದಿಸಿದ. ಗುಂಡಿ ಹಾಕಲು ಹೋಗಿ, ಧೈರ್ಯ ಸಾಲದೆ ಕೈ ಹಿಂತೆಗೆದ.

"ಇವತ್ತೇ ಹೊರಡೋದಿತ್ತಾ?"

"ಐದು ಗಂಟೆಗೆ."

"ಈಗ?"

ಅವನು ತಮಾಷೆ ಮಾಡಲಿಲ್ಲ. ಕಾದ. ಪಿಲ್ಲೆಯೂ ಕಾದಳು.

"ಇವತ್ತು ಹೊರಡಲ್ಲ," ಎಂದಳು ಮೇರಿಕೆ. "ನಾಳೆಯದು ನಾಳೆ."

"ಹಾಗಾದ್ರೆ ಚೀಲ ಡಿಕ್ಕಿಗೆ ಇಡ್ಲಾ?" ಪಿಲ್ಲೆ ಕೇಳಿದಳು.

"ಬೇಡ. ಕಾಣೋ ಹಾಗೇ ಇರ್ಲಿ."

ಉದ್ದನೆಯ ಮರದ ಮೇಜಿಗೆ ಊಟಕ್ಕೆ ಕೂತರು. ಬೆಂಚಿನ ಮೇಲೆ ಗಂಡ ಹೆಂಡತಿಯ ನಡುವೆ ಚೀಲ ಕೂತಿತ್ತು. ಬಿಸಿಲಿನಲ್ಲಿ ಉಣ್ಣೆಯ ಕೋಟು ಹೊದ್ದು ಕೂತ ಹೆಂಗಸನ್ನು ಊರೆಲ್ಲ ನೋಡಿತು, ಅರ್ಥ ಮಾಡಿಕೊಂಡಿತು, ಮೀನಿನ ಮುಳ್ಳು ಬಿಡಿಸುವುದರಲ್ಲಿ ಮುಳುಗಿತು. ಹೆಲ್ದುರ್ ಎರಡು ಬಾಟ್ಲಿ ಬಿಯರ್ ತಂದು, ಸದ್ದಿಲ್ಲದೆ ಇಟ್ಟು ಹೋದ.

ತಾರ್ಮೋ ಬಕೆಟ್ಟಿನ ಮುಚ್ಚಳ ತೆಗೆದು ಅವಳ ತಟ್ಟೆಗೆ ಸಲಾಡ್ ಬಡಿಸತೊಡಗಿದ. ಒಂದು ಸೌಟು. ಎರಡು. ನಾಲ್ಕು ಕಿಲೋ ಇವತ್ತೇ ವಾಪಸು ಬರಲಿ ಎಂಬಂತೆ ಮೂರನೆಯದಕ್ಕೆ ಕೈ ಹಾಕಿದ. ಅವಳ ಬಾಯಲ್ಲಿ ಬ್ರೆಡ್ಡಿತ್ತು, ಮಾತನಾಡುವ ಹಾಗಿರಲಿಲ್ಲ. ಮೇಜಿನ ಮೇಲೆ ಬೆರಳಿನಿಂದ ಮೆಲ್ಲಗೆ ಎರಡು ಸಲ ತಟ್ಟಿದಳು.

ಸೌಟು ನಿಂತಿತು.