ಹುಚ್ಚಪ್ಪನ ಕಿವಿ

ರಫೀಕ ಮತ್ತೊಮ್ಮೆ ಕೀಲಿ ತಿರುವಿದ. ಕಾರು ಕೆಮ್ಮಿತು, ಮೈಯೆಲ್ಲ ನಡುಗಿಸಿ ಶೆಡ್ಡಿನೊಳಗೇ ನಿಂತುಬಿಟ್ಟಿತು. ಹೊರಗೆ ಅಂಗಳದಲ್ಲಿ, ಗೋಡೆಗೆ ಒರಗಿಸಿ ಕೂರಿಸಿದ್ದ ಮೆಕ್ಯಾನಿಕ್ ಹುಚ್ಚಪ್ಪನ ಹೆಣದ ಕೊರಳಿಗೆ ಯಾರೋ ಹಾರ ಹಾಕುತ್ತಿದ್ದರು.

"ಆಗೂದಿಲ್ರಿ ಸಾವ್ಕಾರ," ಎಂದ ಪಕ್ಕದ ಗ್ಯಾರೇಜಿನ ರಫೀಕ. "ಇದಕ್ಕ ಎರಡು ಕಾರ್ಬುರೇಟರ್ ಅದಾವು. ಒಂದು ಗಾಳಿ ಜಾಸ್ತಿ ಎಳೀತೈತಿ, ಒಂದು ಕಮ್ಮಿ. ಸಮ ಮಾಡಾಕ ಹುಚ್ಚಪ್ಪಣ್ಣನ ಕಿವೀನ ಬೇಕು."

ನರಗುಂದದ ಕಾಳಿನ ವ್ಯಾಪಾರಿ ಪ್ರಭುಲಿಂಗಪ್ಪ, ತನ್ನ ಅಪ್ಪನ ಕಾಲದ ಈ ವಿಲಾಯತಿ ಕಾರನ್ನು ಗಜೇಂದ್ರಗಡದ ಹುಚ್ಚಪ್ಪನನ್ನು ಬಿಟ್ಟು ಬೇರೆ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಅದೇ ಕಾರು ಇವತ್ತು ಹೆಣದ ಮುಂದೆ ಸಾಗಲಿ ಎಂದು ದೊಡ್ಡ ಮನಸ್ಸು ಮಾಡಿದ್ದವನೂ ಅವನೇ. ಈಗ ಮುಖ ಗಂಟಿಕ್ಕಿಕೊಂಡ.

"ಅಂಥಾ ಕೈ ಕಡೀಕ ಗಾಡಿ ಹಿಂಗ ಕೆಡಿಸಿಟ್ಟು ಹೋತು ನೋಡ. ಎಂಜಿನ್ ಚಾಲೂ ಇಟ್ಟು ಬಾಗಲಾ ಯಾರರ ಹಾಕ್ಕೋತಾರೇನು? ಹೊಗಿಯಾಗ ಉಸಿರು ಕಟ್ಟಿ ಹೋದ. ಕುಡದಿದ್ದನೋ ಏನೋ."

ಹೆಣದ ಪಕ್ಕ ಕುಳಿತಿದ್ದ ಹುಚ್ಚಪ್ಪನ ಹೆಂಡತಿ ಉಡಚವ್ವನಿಗೆ ಅದು ಕೇಳಿಸಿತು. ಒಂದು ಹನಿಯೂ ಮುಟ್ಟದ ಗಂಡ ಸಂಜೆಯೊಳಗೆ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕುಡುಕನಾಗಿರುತ್ತಾನೆ. ಊರ ಬಾಯಿಗೆ ಅಷ್ಟು ಸಾಕು.

ಅಷ್ಟರಲ್ಲಿ ಹುಚ್ಚಪ್ಪನ ಅಕ್ಕ ಶೇಖವ್ವ ಅವಳ ಕೈ ಹಿಡಿದು ಕಲ್ಲಿಗೆ ಕುಕ್ಕಿದಳು. ಹಸಿರು ಬಳೆಗಳು ಒಡೆದವು. ಉಡಚವ್ವ ಕೈ ನೋಡಲಿಲ್ಲ. ಶೆಡ್ಡನ್ನೇ ನೋಡುತ್ತಿದ್ದಳು.

*

ಕೆಲವು ವರ್ಷಗಳ ಹಿಂದೆ ಹುಚ್ಚಪ್ಪನ ಕಿವಿ ಮೊದಲು ಮಂದವಾದವು, ಆಮೇಲೆ ಪೂರಾ ಹೋದವು. ಗಿರಾಕಿಗಳ ತುಟಿ ನೋಡಿ ಮಾತು ತಿಳಿದುಕೊಳ್ಳುವುದನ್ನು ಕಲಿತ. ಕಾರ್ಬುರೇಟರಿಗೆ ತುಟಿ ಎಲ್ಲಿಂದ ತರುವುದು? ಒಂದು ದಿನ ಶೆಡ್ಡಿನ ಬಾಗಿಲು ಹಾಕಿ ಹೆಂಡತಿಯ ಕೈಗೆ ರಬ್ಬರ್ ನಳಿಗೆ ಕೊಟ್ಟ.

"ಒಂದು ತುದಿ ಕಿವ್ಯಾಗ ಇಟ್ಕೋ. ಇನ್ನೊಂದು ಇದರ ಬಾಯಿಗೆ ಹಿಡಿ, ಆಮ್ಯಾಲ ಅದರ ಬಾಯಿಗೆ. ಎರಡೂ ಸುಂಯ್ ಅನ್ನೂದು ಒಂದ ಥರಾ ಆಗಬೇಕು. ಹೆಚ್ಚಾದ್ರ ಹೆಬ್ಬಟ್ಟು ಮ್ಯಾಲ, ಕಮ್ಮಿ ಆದ್ರ ಕೆಳಗ."

ಬಳೆಗಳ ಸದ್ದಿಗೆ ಅವಳಿಗೆ ಏನೂ ಕೇಳಿಸಲಿಲ್ಲ. ಅವಳು ಕೈ ಅಲ್ಲಾಡಿಸಿ ತೋರಿಸಿದಾಗ ಹುಚ್ಚಪ್ಪ ನಕ್ಕ. ಚಿಂದಿ ಬಟ್ಟೆ ತಂದು ಬಳೆಗಳನ್ನು ಅವಳ ಮಣಿಕಟ್ಟಿಗೆ ಬಿಗಿದು ಕಟ್ಟಿದ. ಕೆಲಸ ಮುಗಿದ ಮೇಲೆ ತಾನೇ ಬಿಚ್ಚಿದ. ಮುಂದೆ ಪ್ರತಿಸಲವೂ ಹೀಗೇ ನಡೆಯಿತು.

"ಬಾಗಲಾ ಯಾಕ ಹಾಕ್ತೀರಿ? ಹೊಗಿ ತುಂಬತೈತಿ," ಎಂದಳು ಒಮ್ಮೆ.

"ಕಿವುಡನ ಕೈಯಾಗ ಗಾಡಿ ಯಾರು ಕೊಡ್ತಾರಲೇ? ನೀ ಹಿಂದಿನ ಕಿಡಕಿ ತೆರಿ."

ಅಂದಿನಿಂದ ಬಾಗಿಲು ಹಾಕುವುದು ಅವನ ಕೆಲಸ, ಕಿಟಕಿ ತೆರೆಯುವುದು ಅವಳದು. ನಿನ್ನೆ ಅವಳು ಬಸುರಿ ಮಗಳನ್ನು ಕರೆತರಲು ರೋಣಕ್ಕೆ ಹೋಗಿದ್ದಳು. ಪ್ರಭುಲಿಂಗಪ್ಪ ಕಾರಿಗೆ ಅವಸರ ಮಾಡಿದ್ದ. ಹುಚ್ಚಪ್ಪ ರೂಢಿಯಂತೆ ಬಾಗಿಲು ಹಾಕಿಕೊಂಡು ಒಬ್ಬನೇ ಕುಳಿತ. ಕಿಟಕಿ ಅವನಿಗೆ ನೆನಪೇ ಆಗಲಿಲ್ಲ. ಬಾಗಿಲು ಒಡೆದಾಗ ಅವನ ಕಿವಿಯಲ್ಲಿ ನಳಿಗೆ ಇತ್ತು.

*

"ಎಲ್ಲಿ ಹೊಂಟೆವಾ? ಹೆಣದ ಮುಂದಿಂದ ಹಿಂಗ ಏಳಬಾರದು," ಎಂದಳು ಶೇಖವ್ವ.

ಉಡಚವ್ವ ನಿಲ್ಲಲಿಲ್ಲ. ಶೆಡ್ಡಿಗೆ ಹೋಗಿ ಮೊದಲು ಹಿಂದಿನ ಕಿಟಕಿ ತೆರೆದಳು. ನೆಲದ ಮೇಲೆ ಬಿದ್ದಿದ್ದ ನಳಿಗೆ ಎತ್ತಿಕೊಂಡಳು.

"ಅವರು ಕುಡದಿರಲಿಲ್ರಿ ಸಾವ್ಕಾರ. ಅವರಿಗೆ ಕಿವಿ ಕೇಳತಿರಲಿಲ್ಲ. ನಿಮಗ ಗೊತ್ತಾಗಬಾರದು ಅಂತ ಬಾಗಲಾ ಹಾಕ್ತಿದ್ವಿ."

"ಕಿವಿ ಕೇಳತಿರಲಿಲ್ಲಾ?" ಎಂದ ರಫೀಕ. "ಮತ್ತ ಇಷ್ಟು ದಿನಾ ಯಾರು..."

"ನೀ ಸ್ಕ್ರೂ ಹಿಡಿಯೋ ತಮ್ಮಾ. ಸಾವ್ಕಾರ, ನೀವು ಗಾಡಿ ಚಾಲೂ ಮಾಡ್ರಿ."

ಪ್ರಭುಲಿಂಗಪ್ಪ ಒಳಗೆ ಕುಳಿತು ಕೀಲಿ ತಿರುವಿ, ಕಾರು ಆರದಂತೆ ಆಕ್ಸಿಲರೇಟರ್ ಒತ್ತಿ ಹಿಡಿದ. ಉಡಚವ್ವ ನಳಿಗೆಯನ್ನು ಒಂದರ ಬಾಯಿಗೆ ಹಿಡಿದಳು, ಇನ್ನೊಂದರ ಬಾಯಿಗೆ ಹಿಡಿದಳು. ಹೆಬ್ಬೆರಳು ಕೆಳಗಾಯಿತು. ರಫೀಕ ತಿರುವಿದ. ಮತ್ತೆ ಕೆಳಗೆ. ಮತ್ತೆ ತಿರುವಿದ. ಬಾಗಿಲಲ್ಲಿ ನಿಂತ ಜನ ಹೆಣವನ್ನು ಬಿಟ್ಟು ಅವಳನ್ನೇ ನೋಡುತ್ತಿದ್ದರು.

ಸ್ವಲ್ಪ ಹೊತ್ತಿಗೆ ಕಾರಿನ ನಡುಕ ನಿಂತಿತು. ಪ್ರಭುಲಿಂಗಪ್ಪ ಕಾಲು ತೆಗೆದ. ಎಂಜಿನ್ ಒಂದೇ ಸಮ ಓಡುತ್ತಲೇ ಇತ್ತು.

"ಆತೇನಕ್ಕಾ?" ಎಂದ ರಫೀಕ.

ಉಡಚವ್ವ ತಲೆಯಾಡಿಸಿದಳು. ನಳಿಗೆಯನ್ನು ಕೆಳಗಿಟ್ಟು, ಗಂಡ ಚಿಂದಿ ಬಿಚ್ಚಲೆಂದು ರೂಢಿಯಂತೆ ಕೈ ಮುಂದೆ ಚಾಚಿ ನಿಂತಳು. ಅವಳು ಏನು ಕೇಳುತ್ತಿದ್ದಾಳೆಂದು ಅಲ್ಲಿ ಯಾರಿಗೂ ತಿಳಿಯಲಿಲ್ಲ. ಬರಿಯ ಮಣಿಕಟ್ಟಿನಲ್ಲಿ ಬಳೆಚೂರು ತಾಗಿದ ಕಡೆ ರಕ್ತ ಒಸರುತ್ತಿತ್ತು.